ಸುಳ್ಳಾದ ಆರೋಪ, ನಿಜವಾದ ಅಪರಾಧ

ಆಲ್ಬೇನಿಯ ದೇಶದ ಪ್ರಧಾನಮಂತ್ರಿಯಾಗಿದ್ದ ಮೆಹ್ಮೆತ್ ಶೆಹುವಿನ ಅಂತ್ಯವನ್ನು ಕೇಳಿದವರು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೇಳಿ ತೃಪ್ತರಾಗುವುದುಂಟು. ಗಾದೆಯೇನೋ ನಾಲಗೆಗೆ ಸವಿಯಾದುದೇ; ಆದರೆ ಇಲ್ಲಿ ಅದು ಸಲ್ಲದು. ಸಲ್ಲದಿರುವುದಷ್ಟೇ ಅಲ್ಲ, ಅದು ದೊಡ್ಡದೊಂದು ಅನ್ಯಾಯಕ್ಕೆ ಮುಸುಕೆಳೆಯುವ ಮಾತೆಂಬುದೇ ನಮ್ಮ ವಾದ.

ಶೆಹು 1913ರಲ್ಲಿ ದಕ್ಷಿಣ ಆಲ್ಬೇನಿಯದ ಗ್ರಾಮವೊಂದರಲ್ಲಿ ಹುಟ್ಟಿದನು. ರಾಜಧಾನಿಯಾದ ತಿರಾನಾದಲ್ಲಿ ಅಮೆರಿಕದವರ ನೆರವಿನಿಂದ ನಡೆಯುತ್ತಿದ್ದ ವೃತ್ತಿಶಾಲೆಯಲ್ಲಿ ಓದಿದನು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷದಲ್ಲಿ ನಿಂತು ಕಾದಿದನು. ಆ ಪಕ್ಷವು ಸೋತ ಮೇಲೆ ಫ್ರಾನ್ಸಿನ ಬಂಧನಶಿಬಿರದಲ್ಲಿ ದಿನ ಕಳೆದನು. 1942ರಲ್ಲಿ ಸ್ವದೇಶಕ್ಕೆ ಮರಳಿ, 1944ರ ನವೆಂಬರಿನಲ್ಲಿ ತಿರಾನಾವನ್ನು ಜರ್ಮನರ ಕೈಯಿಂದ ಬಿಡಿಸಿದ ಯುದ್ಧದಲ್ಲಿ ಸೇನಾನಾಯಕನಾಗಿದ್ದನು. ಆತನು ಧೀರನಾಗಿದ್ದನೆಂಬುದನ್ನು ವೈರಿಯೂ ಅಲ್ಲಗಳೆಯಲಾರನು.

ಆದರೆ ಧೈರ್ಯವು ಬೇರೆ, ಧರ್ಮವು ಬೇರೆ. 1948ರಲ್ಲಿ ಗೃಹಮಂತ್ರಿಯಾಗಿ ರಹಸ್ಯ ಪೊಲೀಸ್ ಪಡೆಯ ಸೂತ್ರವನ್ನು ಹಿಡಿದ ಈತನು ಪಕ್ಷದ ಅಧಿನಾಯಕ ಎನ್ವರ್ ಹೋಜನ ಬಲಗೈಯಾದನು. 1951ರ ಫೆಬ್ರವರಿಯಲ್ಲಿ ತಿರಾನಾದ ಸೋವಿಯತ್ ರಾಯಭಾರ ಕಚೇರಿಯ ಮೇಲೆ ಬಾಂಬು ಬಿದ್ದಿತು. ಒಂದೇ ವಾರದೊಳಗೆ 22 ಮಂದಿಯನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದರು. ಅವರಲ್ಲಿ ಒಬ್ಬಾಕೆ ಸಬೀಹಾ ಕಾಸಿಮಾತಿ. ಮೀನುಗಳ ಶಾಸ್ತ್ರದಲ್ಲಿ ಪರಿಶ್ರಮವುಳ್ಳ ವಿದುಷಿ. ಬಾಂಬಿಗೂ ಆಕೆಗೂ ಏನು ಸಂಬಂಧ? ಕೇಳುವವರಿರಲಿಲ್ಲ, ಕೇಳಬೇಕಾದ ಮಂತ್ರಿಯು ಶೆಹುವೇ ಆಗಿದ್ದನು. 1954ರಲ್ಲಿ ಪ್ರಧಾನಿಯಾಗಿ 27 ವರ್ಷ ಆ ಪೀಠದಲ್ಲಿ ಕುಳಿತನು. ರಕ್ಷಣಾಮಂತ್ರಿ ಬೆಕಿರ್ ಬಲ್ಲೂಕು ದ್ರೋಹಿಯೆನಿಸಿ 1975ರಲ್ಲಿ ಗುಂಡಿಗೆ ಬಲಿಯಾದನು. ಅವನಿಂದ ತೆರವಾದ ಆ ಹುದ್ದೆಯನ್ನು ವಹಿಸಿಕೊಂಡವನೂ ಶೆಹುವೇ.

1981ರ ಡಿಸೆಂಬರಿನಲ್ಲಿ ಪಕ್ಷದ ವರಿಷ್ಠರ ಸಭೆಯು ಆತನನ್ನು ಖಂಡಿಸಿತು. ನೆಪವೇನು? ಪರದೇಶಕ್ಕೆ ಓಡಿಹೋದ ವಿರೋಧಿಗಳ ಬಂಧುವಾದ ಕನ್ಯೆಯೊಡನೆ ಆತನ ಮಗನ ವಿವಾಹ ನಿಶ್ಚಯವಾಗಿದ್ದುದು! ಆ ರಾತ್ರಿ ಶೆಹು ಸತ್ತನು. ಅದು ಆತ್ಮಹತ್ಯೆಯೆಂದು ಸರಕಾರವು ಸಾರಿತು; ಸಂಶಯವು ಇಂದಿಗೂ ತೀರಿಲ್ಲ. ಮರುವರ್ಷ ಹೋಜನು ಹೊಸದೊಂದು ಕಥೆಯನ್ನು ಹೊರಗೆಡಹಿದನು: ಶೆಹು ಅಮೆರಿಕದ, ಸೋವಿಯತ್ ದೇಶದ, ಯುಗೋಸ್ಲಾವಿಯದ ಗೂಢಚಾರನಂತೆ! ಅಮೆರಿಕದವರ ಶಾಲೆಯಲ್ಲಿ ಓದಿದ್ದೇ ಸಾಕ್ಷಿ. ಫ್ರಾನ್ಸಿನ ಶಿಬಿರದಲ್ಲಿ ನರಳಿದ್ದೂ ಸಾಕ್ಷಿ. ಪರಸ್ಪರ ವೈರಿಗಳಾದ ಮೂರು ರಾಜ್ಯಗಳನ್ನು ಏಕಕಾಲದಲ್ಲಿ ಸೇವಿಸುವ ಗೂಢಚಾರನು ಆ ರಾಜ್ಯದ ಪ್ರಧಾನಿಯಾಗಿ 27 ವರ್ಷ ಉಳಿದನೆಂದರೆ, ದಡ್ಡನೆನ್ನಬೇಕಾದವನು ಅಧಿನಾಯಕನಲ್ಲವೆ?

ಈಗ ವಾಚಕರೇ ವಿಚಾರಿಸಲಿ. ಶೆಹು ಮಾಡಿದ್ದೇನು, ಉಂಡದ್ದೇನು? ಮಾಡಿದ್ದು ವಿಚಾರಣೆಯಿಲ್ಲದ ಕೊಲೆಗಳಿಗೆ ಆಸರೆಯಾದದ್ದು. ಉಂಡದ್ದು ಗೂಢಚಾರನೆಂಬ ಕಟ್ಟುಕಥೆ. ಒಂದಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ. ನಿಜವಾದ ಅಪರಾಧಕ್ಕೆ ವಿಚಾರಣೆ ನಡೆದಿದ್ದರೆ ಹೋಜನೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಆದಕಾರಣವೇ ಸುಳ್ಳು ಅಪರಾಧವೊಂದನ್ನು ಸೃಷ್ಟಿಸಿದರು. ಸುಳ್ಳಿನ ಗೋರಿಯಲ್ಲಿ ಶೆಹುವಿನೊಡನೆ ಆ 22 ಮಂದಿಯ ನ್ಯಾಯವನ್ನೂ ಹೂಳಿದರು.

‘ಇಂಥ ಕ್ರೂರನ ಪರವಾಗಿ ನಿಮಗೇಕೆ ವಕಾಲತ್ತು?’ ಎಂದು ಕೇಳುವವರಿದ್ದಾರೆ. ಆತನನ್ನು ಹುತಾತ್ಮನನ್ನಾಗಿಸುವುದು ನಮ್ಮ ಉದ್ದೇಶವಲ್ಲ. ನ್ಯಾಯವೆಂಬುದು ಸಜ್ಜನರಿಗೆ ಮಾತ್ರ ಸಲ್ಲುವ ಬಹುಮಾನವಾದರೆ, ಸಜ್ಜನನಾರೆಂಬುದನ್ನು ಅಧಿಕಾರದಲ್ಲಿರುವವನೇ ನಿರ್ಣಯಿಸುವನು. ಇಷ್ಟೇ ನಮ್ಮ ಭಯ.

ಕೊನೆಗೊಂದು ಮಾತು. ಶೆಹುವಿನ ಪತ್ನಿಯು ಬಿಡುಗಡೆಯನ್ನು ಕಾಣದೆ 1988ರಲ್ಲಿ ತೀರಿಕೊಂಡಳು. ಒಬ್ಬ ಮಗನು ಪ್ರಾಣವನ್ನೇ ನೀಗಿಕೊಂಡನು. ಇನ್ನೊಬ್ಬನು 1991ರವರೆಗೆ ಬಂಧನದಲ್ಲಿ ಕೊಳೆತನು. ತಂದೆಯ ಅಸ್ಥಿಗಳು ಎಲ್ಲಿವೆಯೆಂಬುದು ತಿಳಿಯಲು ಆತನ ಸಾವಿನಿಂದ ಎರಡು ದಶಕಗಳೇ ಬೇಕಾದುವು. ಆ ಮಕ್ಕಳು ಏನನ್ನು ಮಾಡಿದ್ದರು, ಇದನ್ನುಣ್ಣಲು? ಗಾದೆಯನ್ನು ಮೆಚ್ಚಿದವರು ಉತ್ತರ ಹೇಳಲಿ.