ಮನೆಯ ಸಂಪರ್ಕಕ್ಕೊಂದು ಹೆಸರಿಡಿ



ಒಂದು ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಊರಿನ ಅಜ್ಜಿಯ ಜತೆ ವಿಡಿಯೊ ಕರೆ ನಡೆಯುತ್ತಿತ್ತು. ಕನ್ನಡ ತರಗತಿಯಲ್ಲಿ ಕಲಿತ ಪದ್ಯವನ್ನು ಮಗಳು ಹೇಳುವವಳಿದ್ದಳು. ಅಷ್ಟರಲ್ಲಿ ಚಿತ್ರ ನಿಂತಿತು. ನಾನು ಆಗ ದಮ್ಮಾಮ್‌ನಲ್ಲಿದ್ದೆ. ಮಗಳು ಫೋನ್ ಮಾಡಿ, “ಅಪ್ಪಾ, ಇಲ್ಲಿ ಈಥರ್ನೆಟ್, ಈಥರ್ನೆಟ್ 3, ಲೋಕಲ್ ಏರಿಯಾ ಕನೆಕ್ಷನ್ 2, ವೈಫೈ 2 ಅಂತ ಇದೆ. ಯಾವುದನ್ನ ಆಫ್ ಮಾಡಿ ಆನ್ ಮಾಡಲಿ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಂದಾಜಿನಲ್ಲಿ ಮೂರು ಎಂದೆ. ಅದು ಸರಿಯಾದದ್ದಲ್ಲ. ಎಲ್ಲ ಸರಿಹೋಗುವಷ್ಟರಲ್ಲಿ ಇಲ್ಲಿ ಎಂಟು ಗಂಟೆ, ಅಂದರೆ ಊರಲ್ಲಿ ಹತ್ತೂವರೆ. ಅಜ್ಜಿ ಮಲಗಿಯಾಗಿತ್ತು.

ಈ ಸಂಖ್ಯೆಗಳನ್ನು ನಾವ್ಯಾರೂ ಕೊಟ್ಟಿದ್ದಲ್ಲ. ಯುಎಸ್‌ಬಿ ವೈಫೈ ಕಡ್ಡಿಯನ್ನು ಬೇರೆ ತೂತಿಗೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಸಾಧನ ಎಂದುಕೊಂಡು ಹೊಸ ನಂಬರ್ ಕೊಡುವುದುಂಟು. ಹಳೆಯದು ಕಣ್ಣಿಗೆ ಕಾಣದಿದ್ದರೂ ತನ್ನ ಹೆಸರನ್ನು ಬಿಟ್ಟುಕೊಡುವುದಿಲ್ಲ. ಆಫೀಸಿನ ವಿಪಿಎನ್ ಹಾಕಿದರೆ ಪಟ್ಟಿಗೆ ಇನ್ನೊಂದು ಸೇರುತ್ತದೆ. ಹೀಗೆ ಮನೆಯ ಕಂಪ್ಯೂಟರ್‌ನಲ್ಲಿ ಯಾರಿಗೂ ಅರ್ಥವಾಗದ ಒಂದು ಹಾಜರಿ ಪುಸ್ತಕ ಬೆಳೆಯುತ್ತದೆ.

ಹೆಸರು ಬದಲಿಸುವುದು ಎರಡು ನಿಮಿಷದ ಕೆಲಸ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್ ತೆರೆದು, ಎಡಗಡೆಯ ‘ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್’ ಒತ್ತಿ. ಯಾವುದು ಯಾವುದೆಂದು ತಿಳಿಯಬೇಕಾದರೆ ಕೇಬಲ್ ಒಮ್ಮೆ ಎಳೆದುನೋಡಿ, ಕೆಂಪು ಕಾಟು ಬಿದ್ದದ್ದೇ ಅದರ ಚಿತ್ರ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ರಿನೇಮ್’ ಆರಿಸಿ, ಹೊಸ ಹೆಸರು ಬರೆಯಿರಿ. ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆಗಳನ್ನು ಅದು ಒಪ್ಪುವುದಿಲ್ಲ; ಕನ್ನಡವನ್ನು ಒಪ್ಪುತ್ತದೆ. ಹೆಸರು ಬದಲಾದರೆ ಇಂಟರ್ನೆಟ್ಟಿನ ವೇಗವೋ ಪಾಸ್‌ವರ್ಡೋ ಬದಲಾಗುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಮಾತ್ರ ಮುಟ್ಟಬೇಡಿ. ಅಲ್ಲಿನ ಕೆಲವು ತಂತ್ರಾಂಶಗಳು ಹಳೆಯ ಹೆಸರನ್ನೇ ಹುಡುಕುತ್ತಿರಬಹುದು.

ಇನ್ನು ನನ್ನ ಅಭಿಪ್ರಾಯ. ಈ ಹೆಸರು ಕನ್ನಡದಲ್ಲಿರಲಿ, ಅದನ್ನು ಮಕ್ಕಳೇ ಬರೆಯಲಿ. ವಾರಕ್ಕೊಮ್ಮೆ ತರಗತಿಗೆ ಬರುವ ಮಕ್ಕಳಿಗೆ ಕನ್ನಡ ಅಕ್ಷರ ಕಾಣುವುದು ಪುಸ್ತಕದಲ್ಲಿ ಮಾತ್ರ. ಕಂಪ್ಯೂಟರ್ ಎಂದರೆ ಇಂಗ್ಲಿಷ್, ಅಂಗಡಿ ಎಂದರೆ ಅರಬ್ಬಿ, ಕನ್ನಡ ಎಂದರೆ ಹೋಂವರ್ಕ್ ಎಂದು ಅವರಿಗೆ ಅನ್ನಿಸಿದರೆ ತಪ್ಪು ಅವರದಲ್ಲ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಇದೆ. 2001ರ ಎಕ್ಸ್‌ಪಿ ಕಾಲದಿಂದಲೇ ಅದರಲ್ಲಿ ಕನ್ನಡ ಲಿಪಿ ಇದೆ. ಆ ಫಾಂಟಿನ ಹೆಸರು ‘ತುಂಗಾ’. ನಮ್ಮ ಹೊಳೆಯ ಹೆಸರು ಅಲ್ಲಿ ಆಗಲೇ ಕೂತಿರುವಾಗ ನಮಗೇಕೆ ಸಂಕೋಚ?

ಇಲ್ಲಿಯವರೆಗೆ ಹೇಳಿದ್ದು ಒಳಗಿನ ಹೆಸರು. ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ, ‘ಅಜ್ಜಿಮನೆ ದಾರಿ’ ಎಂದಾದರೂ ಇಡಿ. ಹೊರಗಿನ ಹೆಸರೊಂದಿದೆ. ಫೋನಿನ ಪಟ್ಟಿಯಲ್ಲಿ ಕಾಣುವ, ರೂಟರ್‌ನ ವೈಫೈ ಹೆಸರು. ಬೀದಿಯಲ್ಲಿ ಸೊಪ್ಪು ಮಾರುವವರ ಹಾಗೆ ರೂಟರ್ ತನ್ನ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತಿರುತ್ತದೆ. ನಜ್ಮಾದಲ್ಲಿರಲಿ, ರಹೀಮಾದಲ್ಲಿರಲಿ, ಗೋಡೆಯಾಚೆ ನಡೆದುಹೋಗುವವರಿಗೂ ಅದು ಕಾಣುತ್ತದೆ. ಮನೆತನದ ಹೆಸರು, ವಿಲ್ಲಾ ಸಂಖ್ಯೆ, ಮಗುವಿನ ಹೆಸರು ಇವನ್ನೆಲ್ಲ ಅಲ್ಲಿ ಬರೆದುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹಾಗೆಂದು ಕಾರ್ಖಾನೆಯಿಂದ ಬಂದ ಹೆಸರನ್ನೇ ಬಿಡುವುದೂ ಸರಿಯಲ್ಲ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ಡಬ್ಲ್ಯುಪಿಎ2 ವಿಧಾನದಲ್ಲಿ ಪಾಸ್‌ವರ್ಡ್ ಮತ್ತು ಜಾಲದ ಹೆಸರು ಎರಡನ್ನೂ ಸೇರಿಸಿ 4096 ಸಲ ರುಬ್ಬಿ ಗುಪ್ತಕೀಲಿ ತಯಾರಿಸುತ್ತಾರೆ. ಸಾವಿರಾರು ಮನೆಗಳಲ್ಲಿರುವ ಹೆಸರೇ ನಿಮ್ಮದೂ ಆದರೆ, ಆ ಹೆಸರಿಗೆಂದೇ ಮೊದಲೇ ರುಬ್ಬಿಟ್ಟುಕೊಂಡ ಹಿಟ್ಟು ಕಳ್ಳರ ಬಳಿ ಇರಬಹುದು. ಹೆಸರು ಬೇರೆಯಾಗಿದ್ದರೆ ಅವರು ಹೊಸದಾಗಿ ರುಬ್ಬಬೇಕು. ಪಾಸ್‌ವರ್ಡ್ ಉದ್ದವಾಗಿರಬೇಕೆಂಬ ಮಾತು ಇದರಿಂದ ತಪ್ಪುವುದಿಲ್ಲ. ಹೆಸರನ್ನು ಬಚ್ಚಿಡುವ ಸೌಲಭ್ಯದಿಂದ ಹೇಳಿಕೊಳ್ಳುವ ಲಾಭವಿಲ್ಲ, ಕಾಣಬೇಕಾದವರಿಗೆ ಅದು ಹೇಗೂ ಕಾಣುತ್ತದೆ.

ಹೊರಗಿನ ಹೆಸರೂ ಕನ್ನಡದಲ್ಲಿರಬಹುದೇ? ಇರಬಹುದು, ಆದರೆ ಜಾಗ ಸಣ್ಣದು. ಮಕ್ಕಳೇ, ಇದು ನಿಮಗೆ. ವೈಫೈ ಹೆಸರಿಗೆ 32 ಬೈಟ್ ಮಾತ್ರ ಸಿಗುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಅರಬ್ಬಿಗೆ 2, ಕನ್ನಡಕ್ಕೆ 3. ಯುನಿಕೋಡ್ ಎಂಬ ಉದ್ದನೆಯ ಸಾಲಿನಲ್ಲಿ ಕನ್ನಡ ಕೂತಿರುವುದು 3200ರಿಂದ 3327ರವರೆಗಿನ ಸ್ಥಾನದಲ್ಲಿ; ಹಿಂದಿನ ಬೆಂಚಿನವರಿಗೆ ಮೂರು ಬೈಟ್ ಬೇಕಾಗುತ್ತದೆ. ಕಂಪ್ಯೂಟರ್ ಎಣಿಸುವ ರೀತಿಯೂ ನಮ್ಮದಲ್ಲ. ‘ಮಲ್ಲಿಗೆ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಅದಕ್ಕೆ ಮ, ಲ, ಅರ್ಧಾಕ್ಷರದ ಚಿಹ್ನೆ, ಮತ್ತೆ ಲ, ಗುಡಿಸು, ಗ, ಎತ್ವ ಹೀಗೆ ಏಳು, ಅಂದರೆ 21 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18! ‘ಮಲ್ಲಿಗೆ ಮನೆ’ ನಡುವಿನ ಖಾಲಿ ಜಾಗವೂ ಸೇರಿ 31, ಕಷ್ಟಪಟ್ಟು ಹಿಡಿಯುತ್ತದೆ. ‘ಸಹ್ಯಾದ್ರಿ ಮನೆ’ 37, ಹಿಡಿಯುವುದಿಲ್ಲ. ಒತ್ತಕ್ಷರ ಬಿಡಿಸಿ ಬರೆಯಲು ಬೇಸರಪಡುತ್ತಿದ್ದ ನನ್ನ ಮಗಳು ಅಂದು ಒಂದು ಗಂಟೆ ಕೂತು ಲೆಕ್ಕ ಹಾಕಿದಳು. ಅವಳು ಆರಿಸಿದ ‘ಆಗುಂಬೆಯ ಮಳೆ’ಯೂ 31. ಮರಳುಗಾಡಿನಲ್ಲಿ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲ.

ಆದರೆ ನಮ್ಮ ಹಳೆಯ ಪ್ರಿಂಟರ್‌ಗೆ ಅದು ರುಚಿಸಲಿಲ್ಲ. ಹೆಸರಿನ ಜಾಗದಲ್ಲಿ ಬರೀ ಚೌಕಗಳನ್ನು ತೋರಿಸಿತು, ಸಂಪರ್ಕವನ್ನೂ ಕೊಡಲಿಲ್ಲ. ಹೊರಗಿನ ಹೆಸರು ಬದಲಾದರೆ ಟಿವಿ, ಫೋನು, ಪ್ರಿಂಟರು ಎಲ್ಲಕ್ಕೂ ಮತ್ತೆ ಪಾಸ್‌ವರ್ಡ್ ಕೊಡಬೇಕಾಗುತ್ತದೆ ಎಂಬುದೂ ನೆನಪಿರಲಿ. ಮಗಳ ಮುಖ ನೋಡಿ ಪ್ರಿಂಟರ್‌ಗೆ ಕೇಬಲ್ ಹಾಕಿಕೊಟ್ಟೆ.

“ಕನ್ನಡ ಹೆಸರಿಟ್ಟರೆ ನಾವು ಯಾರೆಂದು ಎಲ್ಲರಿಗೂ ಗೊತ್ತಾಗುವುದಿಲ್ಲವೇ?” ಎಂದು ಗೆಳೆಯರೊಬ್ಬರು ಕೇಳಿದರು. ಒಪ್ಪತಕ್ಕ ಪ್ರಶ್ನೆ. ಯಾವ ಭಾಷೆಯವರು ಎಂಬುದು ಗೊತ್ತಾಗುತ್ತದೆ. ಶುಕ್ರವಾರ ಬೆಳಿಗ್ಗೆ ನಮ್ಮ ಕಿಟಕಿಯಿಂದ ಬರುವ ಒಗ್ಗರಣೆಯ ಘಮದಿಂದಲೂ ಅಷ್ಟು ಗೊತ್ತಾಗುತ್ತದೆ. ಯಾವ ಬಾಗಿಲು, ಯಾರ ಮಗು ಎಂಬುದು ಗೊತ್ತಾಗಬಾರದು. ನಾನು ಗೆರೆ ಎಳೆಯುವುದು ಅಲ್ಲಿ. ಅಷ್ಟೂ ಬೇಡವೆನ್ನುವವರು ಹೊರಗೆ ಯಾವುದಾದರೂ ಸಪ್ಪೆ ಹೆಸರಿಡಲಿ, ಒಳಗೆ ಕನ್ನಡ ಇರಲಿ.

ನಾವಿರುವ ಊರಿನ ಹೆಸರನ್ನೇ ನೋಡಿ. ರಾಸ್ ಎಂದರೆ ತಲೆ, ಭೂಶಿರ. ತನೂರಾ ಎಂಬುದು ಒಲೆ ಎಂಬ ಅರ್ಥದ ‘ತನ್ನೂರ್’ನಿಂದ ಬಂದದ್ದು ಎನ್ನುತ್ತಾರೆ, ನಮ್ಮ ತಂದೂರ್ ರೊಟ್ಟಿಯ ನೆಂಟ. ಆಗಸ್ಟಿನಲ್ಲಿ ಯಾರೂ ಇದನ್ನು ಅಲ್ಲಗಳೆಯುವುದಿಲ್ಲ. ಇಲ್ಲಿ ಬದುಕಿದ ಯಾರೋ ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿದರು. ಅಂದಹಾಗೆ ‘ರಾಸ್ ತನೂರಾ’ ಕನ್ನಡದಲ್ಲಿ 28 ಬೈಟ್, ಹಿಡಿಯುತ್ತದೆ.

ಮಕ್ಕಳೇ, ಮುಂದಿನ ತರಗತಿಗೆ ಬರುವಾಗ ನೀವು ಇಟ್ಟ ಒಳಗಿನ ಹೆಸರನ್ನು ಕನ್ನಡದಲ್ಲಿ ಬರೆದು, ಬೈಟ್ ಲೆಕ್ಕದ ಸಮೇತ ತನ್ನಿ. ಹೊರಗಿನ ಹೆಸರು ಬೇಡ. ಪಾಸ್‌ವರ್ಡ್ ಅಂತೂ ನನಗೂ ಹೇಳಬೇಡಿ.