ರಜೆಯಲ್ಲಿ ಆಟ ನಿಲ್ಲಬಾರದು

ಪರೀಕ್ಷೆ ಮುಗಿದು ಕಾಲೇಜಿಗೆ ಬೀಗ ಬಿದ್ದರೆ ನಮ್ಮ ಹುಡುಗರ ಆಟಕ್ಕೂ ಬೀಗ ಬಿದ್ದಂತೆಯೇ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಎಷ್ಟೋ ಮಕ್ಕಳು ಸೊಲ್ಲಾಪುರ, ಸಾಂಗಲಿ, ವಿಜಯಪುರ, ಕಲಬುರಗಿಗಳಲ್ಲಿ ಓದುತ್ತಾರೆ. ಅಲ್ಲಿರುವಷ್ಟು ದಿನ ತಂಡ ಇರುತ್ತದೆ, ಮೈದಾನ ಇರುತ್ತದೆ, ತಿದ್ದುವ ಗುರುಗಳಿರುತ್ತಾರೆ. ರಜೆಗೆ ಊರಿಗೆ ಬಂದರೆ ಒಂದೂ ಇಲ್ಲ. ಈ ಹುಡುಗ ಆಟಗಾರ ಅಂತ ಊರಿನವರಿಗೇ ಗೊತ್ತಿರುವುದಿಲ್ಲ. ಎರಡು ತಿಂಗಳು ಕೈ ಕಾಲು ಜಡವಾಗಿ, ಜೂನಿನಲ್ಲಿ ಮತ್ತೆ ಮೊದಲಿನಿಂದ ಶುರು.

ಇದೇ ತೊಂದರೆ ಅಮೆರಿಕದ ಕಾಲೇಜು ಹುಡುಗರಿಗೂ ಇತ್ತು. ಅಲ್ಲಿನ ಕಾಲೇಜು ಬೇಸ್‌ಬಾಲ್ ಹಂಗಾಮು ಫೆಬ್ರುವರಿಯಲ್ಲಿ ಶುರುವಾಗಿ, ಹೆಚ್ಚಿನ ತಂಡಗಳಿಗೆ ಮೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಆಡುವುದೆಲ್ಲಿ? ಇದಕ್ಕೆ ದಾರಿ ಕಂಡುಕೊಂಡವರು ಸಣ್ಣ ಸಣ್ಣ ಊರಿನವರು. ಬೇಸಿಗೆ ಲೀಗ್ ಅಂತ ಕರೆಯುವ ಆ ವ್ಯವಸ್ಥೆಯನ್ನು ನಮ್ಮ ಗಡಿಭಾಗದವರೂ ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಮ್ಯಾಸಚೂಸೆಟ್ಸ್ ರಾಜ್ಯದ ಕಡಲಂಚಿನ ಕೇಪ್ ಕಾಡ್ ಲೀಗ್ ಇವುಗಳಲ್ಲೆಲ್ಲ ಹೆಸರುವಾಸಿ. ಚಾಥಮ್, ಬ್ರೂಸ್ಟರ್, ಫಾಲ್ಮತ್ ಮುಂತಾದ ಊರುಗಳ 10 ತಂಡಗಳು ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಆಡುತ್ತವೆ. ನೋಡಲು ಟಿಕೆಟ್ ಇಲ್ಲ. ಜನ ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕುತ್ತಾರೆ. ಅನೇಕ ತಂಡಗಳಿಗೆ ಪ್ರೌಢಶಾಲೆಯ ಮೈದಾನವೇ ಅಂಗಳ. ಹುಲ್ಲು ಕತ್ತರಿಸುವುದರಿಂದ ಹಿಡಿದು ತಿಂಡಿ ಮಾರುವವರೆಗೆ ಬಹುತೇಕ ಕೆಲಸ ಊರಿನವರದೇ. ಆಟಗಾರನಿಗೆ ಲೀಗ್ ಸಂಬಳ ಕೊಡುವುದಿಲ್ಲ. ಆದರೆ ಊರಿನ ಯಾವುದೋ ಮನೆಯವರು ಅವನನ್ನು ಬೇಸಿಗೆ ಮುಗಿಯುವ ತನಕ ಮನೆಯಲ್ಲಿಟ್ಟುಕೊಳ್ಳುತ್ತಾರೆ. ವಾರಾನ್ನದ ಮೇಲೆ ಓದಿದ ಹಿರಿಯರನ್ನು ಕಂಡ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರೂ ಋಣ ತೀರಿಸುತ್ತಾರೆ. ಬೆಳಿಗ್ಗೆ ಊರಿನ ಚಿಕ್ಕ ಮಕ್ಕಳಿಗೆ ಆಟ ಕಲಿಸಿ, ಸಂಜೆ ಪಂದ್ಯ ಆಡುತ್ತಾರೆ.

ಅಲ್ಲಿ ಆಡಿದವರಿಗೆ ಆಗುವ ಲಾಭ ಸಣ್ಣದಲ್ಲ. ಕಾಲೇಜು ಆಟದಲ್ಲಿ 1974ರಿಂದ ಲೋಹದ ಬ್ಯಾಟಿಗೆ ಅವಕಾಶವಿದೆ. ವೃತ್ತಿಪರ ಆಟದಲ್ಲಿ ಮರದ ಬ್ಯಾಟೇ ಬೇಕು. ಕೇಪ್ ಕಾಡ್ ಲೀಗ್ 1985ರಲ್ಲಿ ಮರಳಿ ಮರದ ಬ್ಯಾಟಿಗೆ ಬಂತು. ಹುಡುಗನ ನಿಜವಾದ ತಾಕತ್ತು ಅಲ್ಲಿ ಗೊತ್ತಾಗುತ್ತದೆ ಅಂತ ದೊಡ್ಡ ತಂಡಗಳ ಕಡೆಯವರು ಬಂದು ಕೂರುತ್ತಾರೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್ 2012ರಲ್ಲಿ ಬ್ರೂಸ್ಟರ್ ತಂಡಕ್ಕೆ ಆಡಿದ್ದವರು. ಇಲ್ಲಿಂದ ಮೇಜರ್ ಲೀಗ್ ಮೆಟ್ಟಿಲು ಹತ್ತಿದವರು ಸಾವಿರಕ್ಕೂ ಹೆಚ್ಚು.

ಈಗಂತೂ ಬೇಸಿಗೆ ಆಟದ ಬೆಲೆ ಇನ್ನೂ ಏರಿದೆ. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 2019ರವರೆಗೆ 40 ಸುತ್ತುಗಳಿದ್ದವು. 2021ರಿಂದ 20ಕ್ಕೆ ಇಳಿದಿವೆ. ಮೇಜರ್ ಲೀಗಿಗೆ ಸೇರಿದ ಕೆಳಹಂತದ ತಂಡಗಳೂ ಅದೇ ವರ್ಷ 160ರಿಂದ 120ಕ್ಕೆ ಬಂದವು. ತಂಡ ಕಳೆದುಕೊಂಡ ಊರುಗಳೆಲ್ಲ ಸುಮ್ಮನೆ ಕೂರಲಿಲ್ಲ. ಹಳೆಯ ಅಪಲೇಚಿಯನ್ ಲೀಗ್ 2021ರಲ್ಲಿ ಕಾಲೇಜು ಹುಡುಗರ ಬೇಸಿಗೆ ಲೀಗ್ ಆಗಿ ಮತ್ತೆ ಎದ್ದು ನಿಂತಿತು.

ಆದರೆ ಲೀಗ್ ಇದ್ದರಷ್ಟೇ ಸಾಲದು, ಅದು ಹುಡುಗನಿಗೆ ಸಿಗಬೇಕು. ತೊಡಕಿರುವುದೇ ಇಲ್ಲಿ. ದೊಡ್ಡ ಕಾಲೇಜಿನ ತರಬೇತುದಾರ ಒಂದು ಫೋನ್ ಮಾಡಿದರೆ ಜಾಗ ಸಿಗುತ್ತದೆ. ಹೆಸರಾಂತ ಲೀಗುಗಳ ಪಟ್ಟಿ ಬೇಸಿಗೆಗೆ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತದೆ. ಸಣ್ಣ ಕಾಲೇಜಿನ ಹುಡುಗ ಮೇ ತಿಂಗಳಲ್ಲಿ ಎಚ್ಚೆತ್ತು ಹುಡುಕಲು ಹೊರಟರೆ ಕೈಗೆ ಸಿಗುವುದು ಕಡಿಮೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಈ ಆಟ ಆಡುತ್ತಿದ್ದರೆ ಇದನ್ನು ತಿಳಿದಿರಲಿ. ತರಬೇತುದಾರರನ್ನು ಚಳಿಗಾಲದಲ್ಲೇ ಕೇಳಬೇಕು. ತಂಡಗಳಿಗೆ ತಾವೇ ಪತ್ರ ಬರೆದು, ಆಟದ ಅಂಕಿಅಂಶ, ವಿಡಿಯೋ ಕಳಿಸಬೇಕು. ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಲೀಗ್ ಯಾವುದಿದೆ ಅಂತ ಮೊದಲು ನೋಡಬೇಕು. ಜೂನ್ ಆರಂಭದಲ್ಲಿ ಕೆಲವು ಆಟಗಾರರು ಇನ್ನೂ ಕಾಲೇಜು ಪಂದ್ಯಗಳಲ್ಲೇ ಇರುವುದರಿಂದ ತಾತ್ಕಾಲಿಕ ಜಾಗ ಖಾಲಿ ಇರುವುದೂ ಉಂಟು.

ಹಾಗಂತ ಎಲ್ಲ ಲೀಗೂ ಒಂದೇ ಥರ ಅಲ್ಲ. 1994ರಲ್ಲಿ ಶುರುವಾದ ನಾರ್ತ್‌ವುಡ್ಸ್ ಲೀಗ್ ಟಿಕೆಟ್ ಮಾರಿ ವ್ಯಾಪಾರದಂತೆಯೇ ನಡೆಯುತ್ತದೆ. ಕೆಲವು ಲೀಗುಗಳು ಆಟಗಾರನಿಂದಲೇ ಶುಲ್ಕ ಪಡೆಯುತ್ತವೆ. ಎಷ್ಟು ಪಂದ್ಯ, ಉಳಿಯುವುದೆಲ್ಲಿ, ಗಾಯವಾದರೆ ಖರ್ಚು ಯಾರದು, ಅರ್ಧಕ್ಕೆ ಬಿಟ್ಟರೆ ಹಣ ವಾಪಸ್ ಬರುತ್ತದೋ ಇಲ್ಲವೋ, ಇಷ್ಟನ್ನೂ ಕೇಳದೆ ದುಡ್ಡು ಕಟ್ಟಬಾರದು. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ದೊಡ್ಡ ಹೆಸರಿನ ತಂಡದಲ್ಲಿ ಬೆಂಚಿನ ಮೇಲೆ ಕೂರುವುದಕ್ಕಿಂತ ಹತ್ತಿರದ ಸಣ್ಣ ತಂಡದಲ್ಲಿ ದಿನಾ ಆಡುವುದು ಮೇಲು.

ಇನ್ನು ನಮ್ಮ ಮಾತಿಗೆ ಬರೋಣ. ಮಹಾರಾಷ್ಟ್ರದ ಶಾಲಾ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್, ಬೇಸ್‌ಬಾಲ್ ಎರಡೂ ಇವೆ. ನಮ್ಮ ಮಕ್ಕಳಿಗೆ ಈ ಆಟ ತೀರಾ ಅಪರಿಚಿತ ಅಲ್ಲ. ಆಟ ಯಾವುದಾದರೂ ಇರಲಿ, ಕಬಡ್ಡಿ, ಖೋಖೋ, ವಾಲಿಬಾಲ್ ಆದರೂ ಸರಿ, ಬೇಸಿಗೆಯಲ್ಲಿ ಅದನ್ನು ಜೀವಂತ ಇಡಲು ಕೋಟಿಗಟ್ಟಲೆ ಅನುದಾನ ಬೇಕಾಗಿಲ್ಲ. ಜಾತ್ರೆಯ ಕುಸ್ತಿಗೆ ಊರೆಲ್ಲ ಪಟ್ಟಿ ಹಾಕಿ ಪೈಲವಾನರನ್ನು ಕರೆಸಿ, ಉಣಿಸಿ ಕಳಿಸುವ ಜನ ನಾವು. ಒಂದು ದಿನ ಮಾಡುವುದನ್ನು ಆರು ವಾರ ಮಾಡಲಾಗದೇ?

ಗಡಿಭಾಗದ ಹುಡುಗರ ಕಷ್ಟ ಇನ್ನೊಂದಿದೆ. ಓದು ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ. ಅಲ್ಲಿ ಕೇಳಿದರೆ ನಿಮ್ಮ ಊರು ಅತ್ತ ಅಂತಾರೆ, ಇಲ್ಲಿ ಕೇಳಿದರೆ ನಿಮ್ಮ ಕಾಲೇಜು ಇತ್ತ ಇಲ್ಲ ಅಂತಾರೆ. ಹುಡುಗಿಯರ ಪಾಡು ಕೇಳುವುದೇ ಬೇಡ. ಕಾಲೇಜಿನಲ್ಲಿ ಆಡುತ್ತಿದ್ದವಳು ರಜೆಗೆ ಬಂದ ಮೇಲೆ ಅಂಗಳ ದಾಟುವುದೂ ಕಷ್ಟ. ಇಂಥವರಿಗೆ ಊರೇ ಮುಂದಾಗಿ ಜಾಗ ಮಾಡಿಕೊಡಬೇಕು.

ಕೆಲಸ ಪಟ್ಟಿಯಿಂದ ಶುರುವಾಗಲಿ. ಕಾಲೇಜುಗಳ ದೈಹಿಕ ಶಿಕ್ಷಣದ ಗುರುಗಳು ಮಾರ್ಚ್ ತಿಂಗಳಲ್ಲೇ ಗಡಿಭಾಗದ ಆಟಗಾರರ ಊರು, ಆಟ ಬರೆದು ಆಯಾ ಊರಿನ ಗ್ರಾಮ ಪಂಚಾಯಿತಿಗೆ, ತರುಣ ಮಂಡಳಿಗೆ ತಲುಪಿಸಲಿ. ರಜೆಯಲ್ಲಿ ಭಣಗುಟ್ಟುವ ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಬಯಲನ್ನು ಪಂಚಾಯಿತಿಯವರು ಕೇಳಿ ಪಡೆಯಲಿ. ನಾಲ್ಕಾರು ಊರು ಸೇರಿದರೆ ಒಂದು ಲೀಗ್ ಆಯಿತು. ಬಿಸಿಲು ಏರುವ ಮೊದಲು ಬೆಳಿಗ್ಗೆ, ಇಳಿದ ಮೇಲೆ ಸಂಜೆ ಆಡಲಿ. ಕಾಲೇಜು ಹುಡುಗರು ಅದೇ ಬಯಲಿನಲ್ಲಿ ಶಾಲೆ ಮಕ್ಕಳಿಗೆ ನಮ್ಮ ಮಾತಿನಲ್ಲೇ ಆಟ ಹೇಳಿಕೊಡಲಿ. ಆ ಶಾಲೆ ಊರಿನದು ಅನ್ನುವುದು ರಜೆಯಲ್ಲೂ ಎಲ್ಲರಿಗೂ ಕಾಣುತ್ತದೆ.

ಹನಿ ಹನಿ ಕೂಡಿದರೆ ಹಳ್ಳ. ಮುಂದಿನ ಬೇಸಿಗೆಗೆ ಯಾವ ಊರು ಮೊದಲ ಹನಿ ಹಾಕುತ್ತದೆ ಅಂತ ಕಾದು ನೋಡುತ್ತೇವೆ.