ಕೊಳ್ಳುವಾಗ ಮೂರಕ್ಕೂ ಕಡಿಮೆ, ಮಾರುವಾಗ ಆರೂವರೆ

ಚಾವಣಿಯ ಮೇಲೆ ಸೋಲಾರ್ ಹಾಕಿಸಿಕೊಂಡವರು ವಿದ್ಯುತ್ ಜಾಲಕ್ಕೆ ಹೊರೆಯಂತೆ. ಹಗಲು ಬೇಡದ ಕರೆಂಟನ್ನು ಲೈನಿಗೆ ತಳ್ಳಿ ರಾತ್ರಿ ಬೇಕಾದ ಕರೆಂಟನ್ನು ಎಳೆದುಕೊಳ್ಳುತ್ತಾರಂತೆ, ಅವರ ಖರ್ಚನ್ನು ಬಡವರು ಹೊರಬೇಕಾಗಿದೆಯಂತೆ. ಮೊದಲು ವಿದ್ಯುತ್ ಕಂಪನಿಗಳ ಅಧಿಕಾರಿಗಳಷ್ಟೇ ಆಡುತ್ತಿದ್ದ ಈ ಮಾತನ್ನು ಈಗ ಓದಿದವರೂ, ಪರಿಸರದ ಬಗ್ಗೆ ಭಾಷಣ ಮಾಡುವವರೂ ಆಡತೊಡಗಿದ್ದಾರೆ. ಕೇರಳದಲ್ಲಿ 2025ರಲ್ಲಿ, ಚಾವಣಿಯಲ್ಲಿ ಹುಟ್ಟಿದ ಯೂನಿಟ್ಟನ್ನು ಬಳಕೆಯಿಂದ ಕಳೆಯುವ ನೆಟ್ ಮೀಟರಿಂಗ್ ಸೌಲಭ್ಯವನ್ನು ಮೂರು ಕಿಲೋವ್ಯಾಟ್‌ಗೆ ಮೊಟಕು ಮಾಡುವ ಕರಡು ನಿಯಮ ಹೊರಬಂದಾಗ ಅದರ ಬೆನ್ನಿಗಿದ್ದದ್ದೂ ಇದೇ ವಾದ. ಅಲ್ಲಿನ ಜನ ಗದ್ದಲ ಎಬ್ಬಿಸಿದರು. ಕರ್ನಾಟಕದ ನಾವಿನ್ನೂ ಬಾಯಿ ಬಿಟ್ಟಿಲ್ಲ.

ಈ ವಾದ ಸುಳ್ಳು. ಸುಳ್ಳೆಂದು ತೋರಿಸಲು ಮನೆಗೆ ಬರುವ ಕರೆಂಟ್ ಬಿಲ್ಲೊಂದೇ ಸಾಕು.

ಮೂರು ಕಿಲೋವ್ಯಾಟ್ ಲೋಡ್ ಮಂಜೂರಾಗಿರುವ ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳಿ. 2025–26ರ ದರಪಟ್ಟಿಯಂತೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಲೆಕ್ಕಕ್ಕೆ ಯೂನಿಟ್‌ಗೆ 36 ಪೈಸೆ. ಮತ್ತೆ ಶೇ 9ರಷ್ಟು ತೆರಿಗೆ. ಎಲ್ಲ ಕೂಡಿಸಿದರೆ ಒಂದು ಯೂನಿಟ್ ನಮ್ಮ ಮನೆ ಮುಟ್ಟುವ ಹೊತ್ತಿಗೆ ಆರೂವರೆ ರೂಪಾಯಿ ದಾಟಿರುತ್ತದೆ. ಇದೇ ಮನೆಯ ಚಾವಣಿಯಲ್ಲಿ ಸೋಲಾರ್ ಇದ್ದರೆ ಅಲ್ಲಿ ಹುಟ್ಟಿದ ಯೂನಿಟ್‌ಗಳನ್ನು ಬಳಸಿದ ಯೂನಿಟ್‌ಗಳಿಂದ ಕಳೆಯುತ್ತಾರೆ. ಕಳೆದು ಮಿಕ್ಕಿದ್ದನ್ನು ಕಂಪನಿ ಕೊಂಡುಕೊಳ್ಳುತ್ತದೆ. ಕೇಂದ್ರದ ಸಬ್ಸಿಡಿ ಪಡೆದ ಮನೆಗೆ ಹಾಗೆ ಸಿಗುವ ಬೆಲೆ ಯೂನಿಟ್‌ಗೆ ಮೂರು ರೂಪಾಯಿಗೂ ಕಡಿಮೆ.

ಹಾಗೆ ಕೊಂಡ ಕರೆಂಟು ಎಲ್ಲಿಗೆ ಹೋಗುತ್ತದೆ? ರಾಯಚೂರಿಗಲ್ಲ, ದೆಹಲಿಗಲ್ಲ. ನಮ್ಮ ಕಂಬದಿಂದ ಇಳಿದು ಪಕ್ಕದ ಮನೆಯ ಮಿಕ್ಸಿಗೆ, ಎದುರು ಮನೆಯ ಫ್ರಿಜ್ಜಿಗೆ, ಬೀದಿ ಕೊನೆಯ ಹಿಟ್ಟಿನ ಗಿರಣಿಗೆ ಹೋಗುತ್ತದೆ. ಹೆಚ್ಚಿನ ಸಲ ಬೀದಿಯ ಟ್ರಾನ್ಸ್‌ಫಾರ್ಮರ್ ಕೂಡ ದಾಟುವುದಿಲ್ಲ. ನಮ್ಮ ಗೋಡೆಯಾಚೆ ಮೂರು ರೂಪಾಯಿಗೂ ಕಡಿಮೆಗೆ ಕೊಂಡದ್ದನ್ನು ಪಕ್ಕದ ಗೋಡೆಯೊಳಗೆ ಆರೂವರೆಗೆ ಮಾರುತ್ತಾರೆ. ದೂರದ ಹೈಟೆನ್ಷನ್ ಲೈನಿನ ಖರ್ಚಿಲ್ಲ, ದಾರಿಯಲ್ಲಿ ಸೋರಿಹೋಗುವ ನಷ್ಟ ಇಲ್ಲವೆನ್ನುವಷ್ಟು ಕಡಿಮೆ, ಕಲ್ಲಿದ್ದಲು ಬೇಡ, ಬಂಡವಾಳವೂ ಅವರದ್ದಲ್ಲ. ಇದರಲ್ಲಿ ಯಾರು ಯಾರಿಗೆ ಹೊರೆ? ಡೇರಿಗೆ ಹಾಲು ಹಾಕುವ ರೈತನಿಗೆ ಮಾರಾಟದ ಬೆಲೆಯ ಅರ್ಧಕ್ಕೂ ಕಡಿಮೆ ಕೊಟ್ಟರೆ ಊರೇ ಡೇರಿಯ ಮುಂದೆ ಕೂರುತ್ತದೆ.

ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಬಳಸುತ್ತೀರಲ್ಲ, ಅದರ ಖರ್ಚು ಯಾರು ಕೊಡಬೇಕು ಎನ್ನುತ್ತಾರೆ. ನಾವೇ ಕೊಡುತ್ತಿದ್ದೇವೆ. 2025–26ರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಒಂದು ಯೂನಿಟ್ಟೂ ನಿವ್ವಳವಾಗಿ ಬಳಸದ, ಮೂರು ಕಿಲೋವ್ಯಾಟ್ ಲೋಡಿನ ಸೋಲಾರ್ ಮನೆ ಕೂಡ ತಿಂಗಳಿಗೆ 435 ರೂಪಾಯಿ, ವರ್ಷಕ್ಕೆ 5,220 ರೂಪಾಯಿ ಕಟ್ಟಲೇಬೇಕಿತ್ತು. 2024–25ರಲ್ಲಿ ಈ ಶುಲ್ಕ 120 ಇತ್ತು, ಮರುವರ್ಷವೇ 145 ಆಯಿತು. ಶುಲ್ಕ ಏರಿಸಿದ ಆದೇಶದಲ್ಲೇ ಯೂನಿಟ್ ದರವನ್ನು ಹತ್ತು ಪೈಸೆ ಇಳಿಸಿದ್ದನ್ನೇ ದೊಡ್ಡ ಉಪಕಾರವೆಂಬಂತೆ ಹೇಳಿದರು. ಕರೆಂಟನ್ನು ಉಳಿಸುವವನಿಗೆ, ತಾನೇ ತಯಾರಿಸುವವನಿಗೆ ಹತ್ತು ಪೈಸೆ ಇಳಿದರೆಷ್ಟು ಬಿಟ್ಟರೆಷ್ಟು? ಅವನನ್ನು ಹಿಂಡುವುದು ನಿಗದಿತ ಶುಲ್ಕ. ತಂತಿಯ ಬಾಡಿಗೆಯನ್ನು ಹೀಗೆ ತಿಂಗಳು ತಿಂಗಳು ವಸೂಲು ಮಾಡಿಕೊಂಡವರು, ತಂತಿಯ ಖರ್ಚು ನಮ್ಮ ಮೇಲೆ ಹಾಕುತ್ತಿದ್ದೀರಿ ಎಂದು ಅದೇ ಬಾಯಲ್ಲಿ ಹೇಳುವುದು ನಾಚಿಕೆಗೇಡು.

ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗ 2013ರಲ್ಲಿ ಚಾವಣಿ ಸೋಲಾರ್‌ಗೆ ನಿಗದಿ ಮಾಡಿದ್ದ ಬೆಲೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ. ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. ಅಲ್ಲಿಂದ ಜಾರುತ್ತಾ ಬಂದು ಈಗ ಮೂರರ ಕೆಳಗೆ ನಿಂತಿದೆ. ಪ್ಯಾನೆಲ್ ಬೆಲೆ ಇಳಿಯಿತಲ್ಲ ಎನ್ನುತ್ತಾರೆ. ಇಳಿಯಿತು. ಆ ಲಾಭದಲ್ಲಿ ನಮಗೆ ಮಾರುವ ಕರೆಂಟಿನ ಬೆಲೆ ಎಷ್ಟು ಇಳಿಯಿತು?

ಇಷ್ಟಾಗಿಯೂ ಹಾಕಿಸಿಯೇ ತೀರುತ್ತೇನೆ ಎಂದು ಹೊರಟವನ ಪಾಡು ಬೇರೆ. ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಪಿಂಚಣಿಯ ಹಣದಲ್ಲಿ ಮೂರು ಕಿಲೋವ್ಯಾಟ್ ಹಾಕಿಸಲು ಮುಂದಾದರು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅರ್ಜಿ ಹಾಕಲು ಹೋದರೆ ಮೊದಲು ಎಡವಿದ್ದು ವಿದ್ಯುತ್ ಸಂಪರ್ಕದ ಆರ್.ಆರ್. ನಂಬರಿನಲ್ಲಿ. ಮೀಟರು ತೀರಿಕೊಂಡ ತಂದೆಯ ಹೆಸರಲ್ಲಿತ್ತು. ನಮ್ಮ ನಾಡಿನಲ್ಲಿ ಲಕ್ಷಾಂತರ ಮನೆಗಳ ಬಿಲ್ಲು ಅಪ್ಪನ, ಅಜ್ಜನ, ಕೆಲವೆಡೆ ಮನೆ ಮಾರಿ ಹೋದ ಹಳೇ ಮಾಲೀಕನ ಹೆಸರಲ್ಲೇ ಬರುತ್ತದೆ. ಹಣ ಕಟ್ಟಿಸಿಕೊಳ್ಳುವಾಗ ಯಾವ ಕಚೇರಿಯೂ ಅದನ್ನು ಕೇಳುವುದಿಲ್ಲ. "ಬಿಲ್ಲು ನಿಮ್ಮ ತಂದೆಯವರ ಹೆಸರಲ್ಲಿದೆ ಸಾರ್, ಮೊದಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ" ಎಂದರು. ಮರಣ ಪತ್ರ, ವಂಶವೃಕ್ಷ, ಖಾತೆ ನಕಲು, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ಒಡಹುಟ್ಟಿದವರೆಲ್ಲರ ಒಪ್ಪಿಗೆ. ತಂಗಿ ಇದ್ದದ್ದು ದುಬೈನಲ್ಲಿ. ಅವರ ಸಹಿಗಾಗಿ ಕಾದರು.

ಹೆಸರು ಬದಲಾಯಿತು, ಪ್ಯಾನೆಲ್ ಏರಿತು. ಆಮೇಲೆ ಬರಬೇಕಾಗಿದ್ದದ್ದು ಹೋಗುವ ಕರೆಂಟನ್ನೂ ಬರುವ ಕರೆಂಟನ್ನೂ ಬೇರೆ ಬೇರೆ ಅಳೆಯುವ ಮೀಟರು. ಅದು ಬರಲೇ ಇಲ್ಲ. ಈ ನಡುವೆ ಪ್ಯಾನೆಲ್ ಕೂರಿಸಿದ ಹುಡುಗರು ಟೆಸ್ಟ್ ಮಾಡಿ ಇನ್‌ವರ್ಟರನ್ನು ಆನ್ ಮಾಡಿಯೇ ಬಿಟ್ಟು ಹೋಗಿದ್ದರು. ಮುಂದಿನ ತಿಂಗಳು ಮೇಷ್ಟ್ರಿಗೆ ಬಂದ ಬಿಲ್ಲು ಹಿಂದೆಂದೂ ಬಾರದಷ್ಟು ದೊಡ್ಡದು. ಕಾರಣ ಸರಳ. ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು, ಕಳ್ಳತನ ತಡೆಯಲೆಂದು, ಕರೆಂಟು ಯಾವ ದಿಕ್ಕಿಗೆ ಹರಿದರೂ ಬಳಕೆಯೆಂದೇ ಎಣಿಸುತ್ತವೆ. ಮೇಷ್ಟ್ರ ಚಾವಣಿಯಿಂದ ಲೈನಿಗೆ ಹೋದ ಪ್ರತಿ ಯೂನಿಟ್ಟನ್ನೂ ಮೀಟರು ಅವರ ಲೆಕ್ಕಕ್ಕೇ ಬರೆದಿತ್ತು. ಸರ್ಕಾರಕ್ಕೆ ಕರೆಂಟು ಕೊಟ್ಟದ್ದಕ್ಕೆ ಆ ಮನುಷ್ಯ ದುಡ್ಡು ಕಟ್ಟಿದರು. ಸರಿಪಡಿಸಿ ಎಂದು ಹೋದರೆ, ಮೀಟರು ಸರಿಯಿದೆ ಎಂಬ ಉತ್ತರ ಬಂತು.

ನಿಯಮ ಇಲ್ಲವೇ? ಇದೆ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಹತ್ತು ಕಿಲೋವ್ಯಾಟ್‌ವರೆಗಿನ ಮನೆ ಘಟಕಕ್ಕೆ ತಾಂತ್ರಿಕ ಪರಿಶೀಲನೆಯೇ ಬೇಡ, ಅರ್ಜಿ ಒಪ್ಪಿಗೆಯಾದಂತೆಯೇ ಲೆಕ್ಕ. ಘಟಕ ಕೂರಿಸಿದ ಮೇಲೆ ಕಂಪನಿ ತನ್ನ ಪಾಲಿನ ಕೆಲಸ ಮುಗಿಸಲು ಇದ್ದ 30 ದಿನಗಳ ಗಡುವನ್ನು 15ಕ್ಕೆ ಇಳಿಸಲಾಗಿದೆ. ನಾವು ಬಿಲ್ಲು ಕಟ್ಟುವುದು ತಡವಾದರೆ ಬಡ್ಡಿ ಹಾಕುತ್ತಾರೆ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಅವರು ಮೀಟರು ಕೊಡುವುದು ತಡವಾದರೆ ಯಾರ ಫ್ಯೂಸ್ ಕೀಳಬೇಕು?

ಇನ್ನೊಂದು ಅನ್ಯಾಯ ಹಳ್ಳಿಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ನಡೆಯುತ್ತಿದೆ. ಬ್ಯಾಟರಿ ಇಲ್ಲದ ಸೋಲಾರ್ ಘಟಕ ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯವಾಗಬಾರದೆಂದು ಲೈನು ಸತ್ತ ಕೂಡಲೇ ಇನ್‌ವರ್ಟರ್ ತಾನಾಗಿ ನಿಲ್ಲುತ್ತದೆ. ಅದು ಸರಿಯೇ. ಆದರೆ ಮಟಮಟ ಮಧ್ಯಾಹ್ನ ಗಂಟೆಗಟ್ಟಲೆ ಕರೆಂಟು ತೆಗೆದರೆ ಆ ಹೊತ್ತಿನ ಉತ್ಪಾದನೆಯೆಲ್ಲ ಸೊನ್ನೆ. ಸಾಲ ಮಾಡಿ ಹಾಕಿಸಿದವನ ಕಂತು ನಿಲ್ಲುವುದಿಲ್ಲ. ಲೋಡ್‌ಶೆಡ್ಡಿಂಗ್‌ನಿಂದ ಇವನಿಗಾದ ನಷ್ಟಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ.

ಸೋಲಾರ್ ಹಗಲಿಗಷ್ಟೇ, ನಮಗೆ ತೊಂದರೆ ಸಂಜೆ ಏಳಕ್ಕೆ ಎನ್ನುವವರಿಗೂ ಒಂದು ಮಾತು. 2025ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತು. ಪಂಪ್‌ಸೆಟ್‌ಗಳಿಗೆ ಹಗಲು ತ್ರೀ ಫೇಸ್ ಕೊಡುತ್ತಿರುವ ಈ ರಾಜ್ಯದಲ್ಲಿ ಬೇಸಿಗೆಯ ಬೇಡಿಕೆ ಏರುವುದು ಬಿಸಿಲಿದ್ದಾಗಲೇ. 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ಕರೆಂಟಿಗೆ ಬರ ಬಂದಾಗ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯದೊಳಗೇ ಮಾರಬೇಕೆಂದು ಕಟ್ಟಪ್ಪಣೆ ಮಾಡಬೇಕಾಯಿತು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಗರಿಷ್ಠ ಬೆಲೆ ಯೂನಿಟ್‌ಗೆ ಹತ್ತು ರೂಪಾಯಿ. ಆ ಮಾರುಕಟ್ಟೆಯ ಮುಂದೆ ಕೈಯೊಡ್ಡಿ ನಿಲ್ಲುವವರು ನಮ್ಮ ಚಾವಣಿಯ ಯೂನಿಟ್‌ಗೆ ಮೂರು ರೂಪಾಯಿ ಕೊಡಲು ಲೆಕ್ಕ ಹಾಕುತ್ತಾರೆ.

ಅದೂ ಅಲ್ಲದೆ, ಸಣ್ಣ ಸಣ್ಣ ಘಟಕಗಳಿಂದ ಇಂತಿಷ್ಟು ವಿದ್ಯುತ್ ಪಡೆಯಲೇಬೇಕೆಂಬ ಕೇಂದ್ರದ ಕಟ್ಟಳೆ ಇದೆ. 2024–25ರಲ್ಲಿ ಶೇ 1.5ರಿಂದ ಶುರುವಾಗಿ 2029–30ಕ್ಕೆ ಶೇ 4.5 ಆಗಬೇಕು. ಆ ಗುರಿಯ ಲೆಕ್ಕ ತುಂಬುವಾಗ ನಮ್ಮ ಯೂನಿಟ್‌ಗಳು ಬೇಕು. ಬೆಲೆ ಕೇಳಿದಾಗ ಮಾತ್ರ ನಾವು ಹೊರೆ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮಾತಿಗೆ ಬರುತ್ತೇನೆ, ಏಕೆಂದರೆ ಕರ್ನಾಟಕದಲ್ಲಿ ಸೋಲಾರ್ ಬಗ್ಗೆ ಯಾರನ್ನು ಕೇಳಿದರೂ "ಇನ್ನೂರು ಯೂನಿಟ್ ಫ್ರೀ ಇರುವಾಗ ಯಾಕ್ರೀ ಬೇಕು" ಎಂದೇ ಹೇಳುತ್ತಾರೆ. ಬಡವರ ಮನೆಯಲ್ಲಿ ದೀಪ ಉಚಿತವಾಗಿ ಉರಿದರೆ ನನಗೆ ಸಂತೋಷವೇ. ನನ್ನ ತಕರಾರು ಆ ಹಣ ಹೋಗುತ್ತಿರುವ ದಾರಿಯ ಬಗ್ಗೆ. 2025–26ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ಇಟ್ಟದ್ದು 10,100 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ 9,657 ಕೋಟಿ. ಪ್ರತಿ ವರ್ಷ ಈ ಹಣ ಉರಿದು ಹೋಗುತ್ತದೆ, ಮರುವರ್ಷ ಮತ್ತೆ ಇಡಬೇಕು. ಒಂದು ಕಿಲೋವ್ಯಾಟ್ ಘಟಕಕ್ಕೆ ಕೇಂದ್ರದ 30,000 ಸಬ್ಸಿಡಿ ಕಳೆದು ಮನೆಯವರ ಪಾಲಿಗೆ 40,000 ಉಳಿಯುತ್ತದೆಂದು ಹಿಡಿದರೂ, ಒಂದೇ ವರ್ಷದ ಗೃಹಜ್ಯೋತಿ ಹಣದಲ್ಲಿ 25 ಲಕ್ಷ ಮನೆಗಳ ಮೇಲೆ ಸೋಲಾರ್ ಕೂರುತ್ತದೆ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ ನೂರರ ಮೇಲೆ ಕೊಡುತ್ತದೆ. 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆಂದೇ ಸರ್ಕಾರ ಪ್ರತ್ಯೇಕ ತೀರ್ಮಾನ ಮಾಡಿ ಅವರ ಸರಾಸರಿ ಬಳಕೆಯ ಮೇಲೆ ಹತ್ತು ಯೂನಿಟ್ ಹೆಚ್ಚಿಗೆ ಕೊಟ್ಟಿತ್ತು. ಅಂಥ ಮನೆಗೆ ಒಂದು ಕಿಲೋವ್ಯಾಟ್ ಧಾರಾಳವಾಯಿತು. ಪ್ಯಾನೆಲ್ ಬಾಳುವುದು 25 ವರ್ಷ. ಗುಜರಾತ್, ಮಹಾರಾಷ್ಟ್ರ, ಕೇರಳ ಸೂರ್ಯಘರ್ ಯೋಜನೆಯಲ್ಲಿ ನಮ್ಮನ್ನು ಎಷ್ಟೋ ಹಿಂದೆ ಬಿಟ್ಟು ಹೋಗಿವೆ. ನಮಗೇನು ಅವರಿಗಿಂತ ಬಿಸಿಲು ಕಡಿಮೆಯೇ?

ನಮ್ಮ ಆಳುವವರಿಗೆ ದೊಡ್ಡದೇ ಕಣ್ಣಿಗೆ ಬೀಳುವುದು. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದರು. ಈಗ ಶರಾವತಿ ಕಣಿವೆಯಲ್ಲಿ, ತಲಕಳಲೆಗೂ ಗೇರುಸೊಪ್ಪಕ್ಕೂ ನಡುವೆ, 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಕಟ್ಟಲು ಹಟ ಹಿಡಿದಿದ್ದಾರೆ. ಅದು ಸಿಂಗಳೀಕಗಳ ಅಭಯಾರಣ್ಯ. ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿ ಎದ್ದುಬಂದ ಜನರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ನೆಲ. ನೀರನ್ನು ಮೇಲೆತ್ತಲು ಬಳಸುವಷ್ಟು ಕರೆಂಟನ್ನು ಆ ಯೋಜನೆ ವಾಪಸ್ ಕೊಡುವುದಿಲ್ಲ. ಆದರೂ ಅದು ಬೇಕು, ಏಕೆಂದರೆ ಅದಕ್ಕೆ ಟೆಂಡರ್ ಇದೆ, ಸುರಂಗವಿದೆ, ಸಾವಿರಾರು ಕೋಟಿಯ ಕಾಮಗಾರಿ ಇದೆ. ಮನೆಯ ಚಾವಣಿಯಲ್ಲಿ ಒಂದು ಕಿಲೋವ್ಯಾಟ್‌ಗೆ ನೂರು ಚದರ ಅಡಿ ಸಾಕು, ಒಂದು ಮರ ಕಡಿಯಬೇಕಿಲ್ಲ, ಒಂದು ಕುಟುಂಬವನ್ನು ಎಬ್ಬಿಸಬೇಕಿಲ್ಲ. ಸಂಜೆಗೆ ಕರೆಂಟು ಬೇಕೆಂದರೆ ಮನೆಯ ಬ್ಯಾಟರಿಗೆ ಸಬ್ಸಿಡಿ ಕೊಡಿ. ಕಾಡು ಸೀಳುವ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಇಡಿ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬೇಕಾಗಿರುವುದು ದೊಡ್ಡದೇನಲ್ಲ. ಮಿಕ್ಕ ಯೂನಿಟ್‌ಗೆ, ಪಕ್ಕದ ಮನೆಗೆ ಮಾರುವ ಯೂನಿಟ್ ದರವನ್ನೇ ಕೊಡಿ. 15 ದಿನದೊಳಗೆ ಮೀಟರು ಬಾರದಿದ್ದರೆ ದಿನಕ್ಕಿಷ್ಟೆಂದು ದಂಡವನ್ನು ನಮ್ಮ ಬಿಲ್ಲಿಗೆ ಜಮಾ ಮಾಡಿ. ಹಗಲು ಲೈನು ತೆಗೆದ ಗಂಟೆಗಳ ಲೆಕ್ಕವನ್ನು ಬಿಲ್ಲಿನಲ್ಲೇ ತೋರಿಸಿ, ಆ ಮಟ್ಟಿಗೆ ನಿಗದಿತ ಶುಲ್ಕ ಕಡಿತ ಮಾಡಿ.

ಓದುಗರಲ್ಲಿ ಒಂದು ಮನವಿ. ಇವತ್ತೇ ನಿಮ್ಮ ಕರೆಂಟ್ ಬಿಲ್ಲನ್ನು ತೆಗೆದು ಅದು ಯಾರ ಹೆಸರಲ್ಲಿದೆ, ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹೆಸರು ತೀರಿಕೊಂಡವರದ್ದಾಗಿದ್ದರೆ, ಸೋಲಾರ್ ಹಾಕಿಸುವ ಯೋಚನೆ ಇರಲಿ ಬಿಡಲಿ, ಬದಲಾವಣೆಗೆ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪತ್ರ ಪಡೆದುಕೊಳ್ಳಿ. ಪ್ಯಾನೆಲ್ ಕೂರಿಸಿದ್ದರೆ ಹೊಸ ಮೀಟರು ಬರುವವರೆಗೆ ಇನ್‌ವರ್ಟರ್ ಆನ್ ಮಾಡಲು ಬಿಡಬೇಡಿ. ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯುತ್ತಾರೆ, ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಕೈಗಾರಿಕೆಗಳ ಸಂಘದವರು ವಕೀಲರೊಂದಿಗೆ ಬಂದಿರುತ್ತಾರೆ. ಸೋಲಾರ್ ಮನೆಯವರ ಕುರ್ಚಿ ಖಾಲಿ ಇರುತ್ತದೆ. ಮುಂದಿನ ಪ್ರಕಟಣೆ ಬಂದಾಗ ನಿಮ್ಮ ಬಿಲ್ಲಿನ ನಕಲು ಲಗತ್ತಿಸಿ ಒಂದು ಪುಟದ ಆಕ್ಷೇಪಣೆ ಕಳುಹಿಸಿ, ವಿಚಾರಣೆಯ ದಿನ ಹೋಗಿ ಮಾತಾಡಿ.